ಅಪ್ಪನ ನಾಲಿಗೆ ಮತ್ತು ಹುಣಸೆ ನೀರು

ಮಗ್ಗದ ಓಣಿಯಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಆಗೆಲ್ಲ ಮಗ್ಗದ ಸದ್ದು ನಿಂತರೇನೇ ನಮಗೆ ಎಚ್ಚರ. ಬನಹಟ್ಟಿಯಲ್ಲಿ ನಮ್ಮಪ್ಪ ನೂಲಿಗೆ ಬಣ್ಣ ಹಾಕುತ್ತಿದ್ದ. ಮೊದಲು ನೂಲನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ, ತೊಳೆದು, ಹುಣಸೆ ನೀರಿನ ಬಾನಿಯಲ್ಲಿ ಅದ್ದಬೇಕು. ಕಾಸ್ಟಿಕ್ ಉಳಿದರೆ ಬಣ್ಣ ಕೂರುವುದಿಲ್ಲ. ಹೋಯಿತೋ ಇಲ್ಲವೋ ನೋಡಲು ಅಪ್ಪ ಒದ್ದೆ ಎಳೆಯನ್ನು ನಾಲಿಗೆಗೆ ಮುಟ್ಟಿಸುತ್ತಿದ್ದ. ಚುರುಗುಟ್ಟಿದರೆ ಮತ್ತೆ ಹುಣಸೆ ನೀರು, ಇಲ್ಲದಿದ್ದರೆ "ಆತು!"

ನಾನು ಏಳನೇ ಇಯತ್ತೆಯಲ್ಲಿದ್ದ ಚಳಿಗಾಲ. ಒಂದು ದಿನ ಅವ್ವ ಸಾರಿಗೆ ಉಪ್ಪು ಮರೆತಳು. ನಾನು ಮುಖ ಸಿಂಡರಿಸಿದೆ. ಅಪ್ಪ ಮಾತ್ರ ರೊಟ್ಟಿ ಅದ್ದಿ ತಿಂದು, "ಛಲೋ ಆಗೈತಿ" ಎಂದ. ಅವ್ವ ನಕ್ಕಳು. ನನಗೇಕೋ ನಗು ಬರಲಿಲ್ಲ.

ಮರುದಿನ ಸಾಲಿಯಲ್ಲಿ ವಿಜ್ಞಾನದ ಅಕ್ಕೋರು ಆಮ್ಲಕ್ಕೆ ಪ್ರತ್ಯಾಮ್ಲ ಹನಿಸುತ್ತ, ಲಿಟ್ಮಸ್ ಕಾಗದದ ಚೀಟಿ ಅದ್ದಿ ಬಣ್ಣ ಬದಲಾಗುವುದನ್ನು ತೋರಿಸುತ್ತ, "ಎರಡೂ ಕೂಡಿದ್ರ ಉಪ್ಪು, ನೀರು ಆಗತಾವ. ಯಾರೂ ರುಚಿ ನೋಡಬ್ಯಾಡ್ರಿ, ನಾಲಿಗಿ ಸುಡತೈತಿ" ಎಂದರು. ಕುಂತಲ್ಲಿ ಕೂರಲಾಗಲಿಲ್ಲ ನನಗೆ. ಗಂಟೆ ಬಾರಿಸಿದ್ದೇ ಅವರ ಬೆನ್ನು ಹತ್ತಿದೆ.

"ಆ ಲಿಟ್ಮಸ್ ಕಾಗದ ಕೊಡ್ರೀ ಅಕ್ಕೋರ."

"ಯಾಕ ಬೇಕವಾ?"

"ನಮ್ಮಪ್ಪ ದಿನಾ ನೂಲು ನೆಕ್ಕತಾನ್ರೀ."

ಅವರು ನಾಲ್ಕಾರು ಕೆಂಪು ಚೀಟಿ ಕೊಟ್ಟರು. ಅಂಗೈ ಬೆವರು ತಾಗೀತೆಂದು ಪಾಟಿಚೀಲದಲ್ಲಿಟ್ಟು ಓಡಿದೆ. ಅಪ್ಪ ಆಗಷ್ಟೇ "ಆತು" ಎಂದು ನೂಲು ಹಿಂಡುತ್ತಿದ್ದ.

"ನಿಲ್ಲಪಾ! ಈ ಕೆಂಪು ಚೀಟಿ ನೀಲಿ ಆದ್ರ ಕಾಸ್ಟಿಕ್ ಇನ್ನೂ ಐತಿ ಅಂತ."

"ಕಾಲಿಗೆ ಚಕ್ರ ಕಟಗೊಂಡ ಹುಟ್ಟೀದಿ ನೋಡು. ನನ್ನ ನಾಲಿಗಿಗೆ ಈ ಚೀಟಿ ಬುದ್ಧಿ ಹೇಳತೈತೇನ?"

ನಗುತ್ತಲೇ ಚೀಟಿಯನ್ನು ಎಳೆಗೆ ಒತ್ತಿದ. ಅದು ನೀಲಿಯಾಯಿತು.

ಅಪ್ಪ ಎಳೆಯನ್ನು ಮತ್ತೆ ನಾಲಿಗೆಗಿಟ್ಟ. ಇನ್ನೊಂದು ಎಳೆ ಎತ್ತಿ ಅದನ್ನೂ ಮುಟ್ಟಿಸಿ ನೋಡಿದ. "ಏನೂ ಗೊತ್ತಾಗವಲ್ದು, ಯವ್ವಾ."

ಬಾಗಿಲಲ್ಲಿದ್ದ ಅವ್ವ ಮೆಲ್ಲಗೆ, "ನಿನ್ನಿ ಸಾರಿನಾಗ ಉಪ್ಪಿರಲಿಲ್ಲ. ಅದೂ ಗೊತ್ತಾಗಲಿಲ್ಲೇನ್ರಿ?" ಎಂದಳು. ಅಪ್ಪ ನೂಲನ್ನು ಮತ್ತೆ ಬಾನಿಗಿಳಿಸಿ, "ಇಂಥಾ ಚೀಟಿ ಇನ್ನೂ ಸಿಗತಾವೇನ?" ಎಂದು ಕೇಳಿದ. ಗೆದ್ದ ಖುಷಿ ಆಗಬೇಕಿತ್ತು. ನನಗೆ ಅಳು ಬಂತು.

ಈಗ ನೂಲು ಬಣ್ಣ ಹಾಕಿಸಿಕೊಂಡೇ ಲಾರಿಯಲ್ಲಿ ಬರುತ್ತದೆ. ಬಾನಿ ಒಡೆದು ಎಷ್ಟೋ ವರ್ಷವಾಯಿತು. ಅಪ್ಪ ನನ್ನ ಮನೆಯಲ್ಲೇ ಇದ್ದಾನೆ. ಊಟಕ್ಕೆ ಕೂತರೆ ಈಗಲೂ ಮೊದಲ ತುತ್ತನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡುತ್ತಾನೆ. ನಾನು ತಿಂದು, ಮುಖ ಸಿಂಡರಿಸದಿದ್ದರೆ, ಅವನೂ ಬಾಯಿಗಿಟ್ಟುಕೊಂಡು ಹೇಳುತ್ತಾನೆ: "ಛಲೋ ಆಗೈತಿ."