ಮೂರು ಟೊಪ್ಪಿಗೆಯ ಕಲ್ಲಪ್ಪ ಕಾಕಾ

ಬೆಳಗಾವಿಗೆ ಹೊರಟವರು ಬುತ್ತಿ ಕಟ್ಟಿಕೊಳ್ಳುತ್ತಾರೆ. ನಮ್ಮ ಅಪ್ಪನ ಚಿಕ್ಕಪ್ಪನ ಮಗ ಕಲ್ಲಪ್ಪ ಕಾಕಾ ಟೊಪ್ಪಿಗೆ ಕಟ್ಟಿಕೊಳ್ಳುತ್ತಿದ್ದ. ಮರಾಠಿ ಓಣಿಗಳಿಗೆ ಕರಿಯದು, ಬ್ರಿಟಿಷ್ ದಂಡಿನ ಕ್ಯಾಂಪಿಗೆ ಸಾಹೇಬರದು. ಉಳಿದ ಕಡೆ ನಮ್ಮ ಕನ್ನಡ ಮಂದಿಯ ರುಮಾಲು.

"ಅಲ್ಲಿ ಹತ್ತು ಥರದ ಮಂದಿ ಐತಿ. ತಲಿ ನೋಡಿ ಮರ್ಯಾದಿ ಕೊಡತಾರ," ಎನ್ನುತ್ತಿದ್ದ. ತಲೆಯ ಒಳಗನ್ನು ಯಾರೂ ನೋಡದಿದ್ದುದು ಅವನ ಪುಣ್ಯ.

ಅಕ್ಕನಿಗೆ ಶಹಾಪುರದ ಅರಿವೆ ವ್ಯಾಪಾರಿಯ ಮನೆಯಿಂದ ಸಂಬಂಧ ಬಂದಿತ್ತು. ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಂಡಿರಲಿಲ್ಲ. ಸ್ಟೇಷನ್ನಿಗೆ ಬರುವುದಾಗಿ ಹುಡುಗನ ತಂದೆ ಹೇಳಿಕಳಿಸಿದ್ದರು. ಮೂಡಲಗಿಯಿಂದ ಹೊರಟ ಅಪ್ಪ, ಪಟ್ಟಣ ಬಲ್ಲವನೆಂದು ಕಾಕಾನನ್ನೂ ಕರೆದುಕೊಂಡ. ನಾನೂ ಹೋದೆ.

ರೈಲು ನಿಲ್ಲುವ ಮೊದಲೇ ಕರಿ ಟೊಪ್ಪಿಗೆ ಏರಿಸಿ ಕಾಕಾ ಇಳಿದ. ನಾವು ಗಂಟು ಇಳಿಸುವಾಗ ಗದ್ದಲದಲ್ಲಿ ಅವನ ದನಿ ಕೇಳಿತು: "ಆಮ್ಹಾಲಾ ಕಾನಡೀ ಯೇತ ನಾಹೀ." ತನಗೆ ಕನ್ನಡ ಬಾರದೆಂದು ಯಾರಿಗೋ ಹೇಳುತ್ತಿದ್ದ. ಅದು ಅವನ ನಿತ್ಯದ ಸೋಗು.

ನಮ್ಮನ್ನು ಕರೆದೊಯ್ಯಲು ಬಂದವರು ಯಾರೂ ಕಾಣಲಿಲ್ಲ. "ಎಂಥಾ ಮಂದಿ ಅಣ್ಣಾ ಇವರು! ನಡಿ, ಊರರ ನೋಡೂಣು," ಎಂದ ಕಾಕಾ. ಕೋಟೆಯ ಬಸದಿಯಲ್ಲಿ ಚಾವಣಿಯ ಕಲ್ಲಿನ ಕಮಲ ನೋಡಲು ನಾವು ಕತ್ತೆತ್ತಿದ್ದೇ ತಡ, ಹೊರಡಿಸಿದ. ಕ್ಯಾಂಪಿನಲ್ಲಿ ಸಾಹೇಬರ ಟೊಪ್ಪಿಗೆ ಏರಿತು. ಗೋರಾ ಸಿಪಾಯಿಯೊಬ್ಬ ಏನೋ ಕೇಳಿದ. ಕಾಕಾ "ಯಸ್" ಎಂದ. ಅವನು ಮತ್ತೆ ಕೇಳಿದ. "ನೋ" ಎಂದ. ಸಿಪಾಯಿ ಬೈಯುತ್ತ ಹೋದ.

"ನನ್ನ ಗುರ್ತ ಐತಿ ಅವಂಗ," ಎಂದ ಕಾಕಾ.

ಸಂಜೆ ರುಮಾಲು ಸುತ್ತಿ, ಹಣೆತುಂಬ ವಿಭೂತಿ ಹಚ್ಚಿ, ಬೀಗರ ಮನೆಯಲ್ಲಿ ಕೂತವನೇ ಶುರುಮಾಡಿದ: "ಸ್ಟೇಷನ್ನಿಗೆ ಒಬ್ರೂ ಬರಲಿಲ್ಲಲ್ರಿ? ನಮ್ಮ ಕಡೆ ಹಿಂಗ ಮಾಡೂದಿಲ್ಲ."

ಹುಡುಗನ ತಂದೆ ಅವನನ್ನೇ ದಿಟ್ಟಿಸಿದರು. "ನಾನ ಬಂದಿದ್ದೆರಿ. 'ಮೂಡಲಗಿಯವರೇನ್ರಿ?' ಅಂತ ಒಬ್ರನ್ನ ಕೇಳಿದೆ. ಕನ್ನಡ ಬರೂದಿಲ್ಲ ಅಂದ್ರು. ಆ ಕರಿ ಟೊಪ್ಪಿಗಿ ಎಲ್ಲಿಟ್ರಿ?"

ಕಾಕಾನ ಕೈ ರುಮಾಲಿಗೆ ಹೋಯಿತು. ಅಪ್ಪ ಕೈಮುಗಿದ. ಅವರು ಕರಗಲಿಲ್ಲ. "ಊರ ಹೆಸರಿಗೆ ನಾಚೂ ಮಂದಿ ಜೋಡಿ ಬೀಗತನ ಬ್ಯಾಡ್ರಿ."

ನಾವು ಊರಿಗೆ ಮರಳಿದಾಗ ಸುದ್ದಿಗಾಗಿ ಬಾಗಿಲಲ್ಲೇ ನಿಂತಿದ್ದ ಅಕ್ಕ ಎಲ್ಲ ಕೇಳಿ ಒಳಗೆ ಹೋದಳು. ಮುಂದೆ ಅವಳನ್ನು ಹುಕ್ಕೇರಿಗೆ ಕೊಟ್ಟೆವು. ಕಾಕಾನನ್ನು ಅವಳು ಮತ್ತೆ ಮಾತಾಡಿಸಲಿಲ್ಲ. ಅವನೂ ಟೊಪ್ಪಿಗೆಗಳನ್ನು ಬಿಡಲಿಲ್ಲ.

ಅವನು ಸತ್ತಾಗ ಅಕ್ಕ ಬಂದಳು. ಗೋಡೆಗೆ ಒರಗಿಸಿ ಕೂಡಿಸಿದ ಹೆಣಕ್ಕೆ ರುಮಾಲು ಸುತ್ತಿದ್ದರು. ಸಡಿಲವಾಗಿದೆಯೆಂದು ಯಾರೋ ಬಿಚ್ಚಲು ಹೋದರು.

"ಬಿಚ್ಚಬ್ಯಾಡ್ರಿ," ಎಂದಳು ಅಕ್ಕ. "ಅಲ್ಲೆರ ಕನ್ನಡ ಮಾತಾಡ್ಲಿ."