ದಾರಿ ತೋರಿಸಿದವನ ಹೆಸರೇನು?

ನಲವತ್ತೆರಡನೆಯ ವಯಸ್ಸಿನಲ್ಲಿ ಯಾರಾದರೂ ತಮ್ಮ ಅಪ್ಪನನ್ನು ಮೊದಲ ಸಲ ನೋಡುತ್ತಾರಾ? ನಾನು ನೋಡಿದೆ. ಕಳೆದ ಶನಿವಾರ, ಚಾರ್ಲ್ಸ್ಟನ್ ಬಂದರಿನಲ್ಲಿ, ಒಂದು ಹಾಯಿಹಡಗಿನ ಮೇಲೆ.

ಐದನೇ ಗ್ರೇಡಿನ ಮಗಳು ಇಶಾಗೆ ಸ್ಕೂಲ್ ಪ್ರಾಜೆಕ್ಟ್: ಯುರೋಪಿನವರು ಇಂಡಿಯಾಕ್ಕೆ ಸಮುದ್ರದ ದಾರಿ ಹುಡುಕಿದ ಕಥೆ. ನಿಜವಾದ ಹಾಯಿಹಡಗು ತೋರಿಸೋಣ ಅಂತ ನಾವಿರುವ ಬ್ಯಾಲಂಟೈನ್‌ನಿಂದ ಮೂರೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ಜೊತೆಗೆ ಹೊನ್ನಾವರದಿಂದ ಬಂದಿರುವ ನನ್ನ ಅಪ್ಪ. (ಎರಡು ತಿಂಗಳಿಂದ ನಮ್ಮ ಬಡಾವಣೆಯ ಸೈಡ್‌ವಾಕ್ ಬಿಟ್ಟು ಬೇರೇನೂ ನೋಡಿರಲಿಲ್ಲ, ಪಾಪ.)

ಹಡಗು ದಡ ಬಿಟ್ಟಿತು. ಎಂಜಿನ್ ಆಫ್ ಆಯಿತು. ಹಾಯಿ ಬಿಚ್ಚಿದರು, ಗಾಳಿ ತುಂಬಿಕೊಂಡಿತು. ಬೆಳಗಿನ ಮಂಜಿನಲ್ಲಿ ನೀರಿಗೂ ಆಕಾಶಕ್ಕೂ ಒಂದೇ ಬಣ್ಣ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಅಂತಲೇ ತಿಳಿಯುತ್ತಿರಲಿಲ್ಲ. ಎಲ್ಲರೂ ಫೋನ್ ಎತ್ತಿ ಹಿಡಿದಿದ್ದರು. ಅಪ್ಪ ಕಣ್ಣು ಮುಚ್ಚಿ ಕೂತಿದ್ದರು.

ಗೈಡ್ ಹುಡುಗಿ ಇಶಾಗೋಸ್ಕರ ಪೋರ್ಚುಗೀಸರ ಕಥೆ ಹೇಳಿದಳು. ಕಾಳುಮೆಣಸಿನ ಆಸೆ, ಆಫ್ರಿಕಾ ಸುತ್ತಿದ ತಿಂಗಳುಗಟ್ಟಲೆ ಪ್ರಯಾಣ, ಕೊನೆಗೆ ಇಂಡಿಯಾ. ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ.

ಅಪ್ಪ ಕಣ್ಣು ಬಿಟ್ಟರು. "ಅವರಿಗೆ ದಾರಿ ತೋರಿಸಿದವ ಯಾರು, ಕೇಳು."

ಕೇಳಿದೆ. ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ಆ ಕಡಲಿನ ಗಾಳಿ ಬಲ್ಲವನೊಬ್ಬನನ್ನು ಹತ್ತಿಸಿಕೊಂಡರಂತೆ. ಅವನೇ ಮಲಬಾರಿಗೆ ಕರೆತಂದನಂತೆ. ಹೆಸರು? "ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಸರಿಯಾಗಿ ಗೊತ್ತಿಲ್ಲ" ಅಂದಳು.

"ಅಜ್ಜ, ಹೌ ಡಿಡ್ ಯು ನೋ?" ಇಶಾ ಕೇಳಿದಳು.

"ನಾನೂ ಅದೇ ಕೆಲಸ ಮಾಡಿದವ ಅಲ್ವಾ ಮಗಾ."

ಅಪ್ಪನಿಗೆ ಬಂದರಿನಲ್ಲಿ ಕೆಲಸ. ನನಗೆ ಗೊತ್ತಿದ್ದದ್ದು ಅಷ್ಟೇ. ಉಳಿದದ್ದನ್ನು ಅವರು ಈಗ ಹೇಳಿದರು. ಶರಾವತಿ ಕಡಲು ಸೇರುವ ಅಳಿವೆಯಲ್ಲಿ ಪ್ರತಿ ಮಳೆಗಾಲಕ್ಕೂ ಮರಳು ಜಾಗ ಬದಲಾಯಿಸುತ್ತದಂತೆ. ಹೋದ ವರ್ಷದ ದಾರಿ ಈ ವರ್ಷ ಇರುವುದಿಲ್ಲ. ಅಪ್ಪ ಸಣ್ಣ ದೋಣಿಯಲ್ಲಿ ಬಿದಿರು ಗಳದಿಂದ ಆಳ ನೋಡುತ್ತಾ ಮುಂದೆ, ಮೀನಿನ ಬೋಟುಗಳು ಹಿಂದೆ.

"ಒಂದ್ಸಲ ಗಾಳಿ ಎದ್ದು ಹನ್ನೊಂದು ಬೋಟು ಹೊರಗೇ ಸಿಕ್ಕಿಬಿದ್ದಿದ್ವು. ಒಂದೊಂದಾಗಿ ಒಳಗೆ ತಂದೆ."

"ಹೆದರಿಕೆ ಆಗ್ಲಿಲ್ವಾ ಅಪ್ಪ?"

"ಆಗದೆ ಏನು? ಅವತ್ತು ನಿಂಗೆ ಜ್ವರ ಬೇರೆ. ಮನೆಗೆ ಹೋಗ್ಬೇಕಿತ್ತು."

ಇಶಾ ಅಷ್ಟರಲ್ಲಿ ಹೋಗಿ ಕ್ಯಾಪ್ಟನ್‌ಗೆ ಎಲ್ಲ ಹೇಳಿಬಿಟ್ಟಿದ್ದಳು. ಆತ ಬಂದು ಅಪ್ಪನ ಕೈಹಿಡಿದು ಕರೆದೊಯ್ದು ಚುಕ್ಕಾಣಿ ಕೊಟ್ಟ. ಅಪ್ಪ ಶೂ ಬಿಚ್ಚಿ ಪಕ್ಕಕ್ಕಿಟ್ಟು, ಬರಿಗಾಲಲ್ಲಿ ನಿಂತರು. ಹಡಗು ಮೆಲ್ಲಗೆ ವಾಲಿ ಗಾಳಿಯ ದಾರಿ ಹಿಡಿಯಿತು. ಕಾಲು ಗಂಟೆ ನೀರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆ ಮುಖ ನಾನು ಯಾವತ್ತೂ ನೋಡಿರಲಿಲ್ಲ.

ಭಾನುವಾರ ಇಶಾ ತನ್ನ ಪೋಸ್ಟರಿನಲ್ಲಿ ದೊಡ್ಡ ಹಡಗಿನ ಮುಂದೆ ಒಬ್ಬ ಪುಟ್ಟ ಮನುಷ್ಯನನ್ನು ಬರೆದಳು. ನಾನು ಪಕ್ಕದಲ್ಲಿ ಕೂತಿದ್ದೆ. ಅಪ್ಪನ ವೀಸಾ ಫಾರ್ಮ್ ತುಂಬಿದ್ದು ನಾನೇ. ವೃತ್ತಿ ಅನ್ನುವ ಜಾಗದಲ್ಲಿ 'ನಿವೃತ್ತ' ಅಂತ ಒತ್ತಿ ಮುಂದಿನ ಪೇಜಿಗೆ ಹೋಗಿದ್ದೆ.

ಯಾವುದರಿಂದ ನಿವೃತ್ತ ಅಂತ ಒಂದು ಮಾತು ಕೇಳಲು ನನಗೆ ಎಷ್ಟು ಹೊತ್ತು ಬೇಕಿತ್ತು?