ಕೋಟೆಯ ಬಾವಿಯೊಳಗಿನ ದನಿ

"ಮ್ಯಾಲ ಯಾರರ ಅದೀರೇನ್ರಿ?" ಎಂಬ ಹೆಣ್ಣುದನಿ ಕೋಟೆಯ ಬಾವಿಯೊಳಗಿಂದ ಕೇಳಿದಾಗ ನಡುಮಧ್ಯಾಹ್ನದ ಬಿಸಿಲಲ್ಲೇ ನಾನು ಥಟ್ಟನೆ ಹಿಂದೆ ಸರಿದೆ. ಇಚಲಕರಂಜಿಯಿಂದ ನಾನೂ ನನ್ನವರೂ ಬೈಕಿನಲ್ಲಿ ಗಡಹಿಂಗ್ಲಜ ಕಡೆಯ ಆ ಹಳೆಯ ಗುಡ್ಡದ ಕೋಟೆ ನೋಡಲು ಹೋಗಿದ್ದೆವು. ಬಾವಿಯ ಪಕ್ಕದ ಬುರುಜು ಗಟ್ಟಿ ನಿಲ್ಲಲೆಂದು ಸರದಾರನೊಬ್ಬ ತನ್ನ ಸೊಸೆಯನ್ನೇ ಜೀವಂತ ಹುಗಿಸಿದ್ದನಂತೆ. ಅವಳು ಮಧ್ಯಾಹ್ನದ ಹೊತ್ತು ಕರೆಯುತ್ತಾಳೆ, ಓಗೊಟ್ಟವರು ಮರಳಿ ಬರುವುದಿಲ್ಲ ಎಂದು ಗುಡ್ಡದ ಕೆಳಗಿನ ಚಹಾದಂಗಡಿಯವ ಆಗಷ್ಟೇ ಹೇಳಿದ್ದ.

"ಓ ಅನಬ್ಯಾಡ, ಲಗೂನ ನಡಿ!" ಎಂದು ನನ್ನವರು ಕೈ ಹಿಡಿದೆಳೆದರು. ಇಬ್ಬರೂ ಕೋಟೆಯ ಬಾಗಿಲವರೆಗೆ ಓಡಿದೆವು. ಅಷ್ಟರಲ್ಲಿ ಆ ದನಿ ಕೆಮ್ಮತೊಡಗಿತು. ಮಗ್ಗದ ಹತ್ತಿಧೂಳಿಗೆ ನಮ್ಮತ್ತೆ ಕೆಮ್ಮುವಂಥದೇ ಕೆಮ್ಮು. ನಾನು ಅಲ್ಲೇ ನಿಂತೆ.

"ದೆವ್ವಕ್ಕ ಕೆಮ್ಮು ಬರತೈತೇನ್ರಿ?" ಎಂದು ಕೈ ಬಿಡಿಸಿಕೊಂಡು ಹಿಂದಕ್ಕೆ ಹೋಗಿ ಬಾವಿಯೊಳಗೆ ಬಗ್ಗಿ ನೋಡಿದೆ.

ಕೊನೆಯ ಮೆಟ್ಟಿಲ ಮೇಲೆ ಆಡು ಮೇಯಿಸುವ ಅಜ್ಜಿಯೊಬ್ಬಳು ಕಾಲು ಮುರಿದುಕೊಂಡು ಬಿದ್ದಿದ್ದಳು. ನೀರು ಕುಡಿಯಲು ಇಳಿದವಳು ಪಾಚಿಗೆ ಜಾರಿದ್ದಳು. ನನ್ನವರೇ ಅವಳನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಇಳಿಸಿದರು. ಆಸ್ಪತ್ರೆಗೆ ಹೊರಟ ರಿಕ್ಷಾದಲ್ಲಿ ಅಜ್ಜಿ ನನ್ನ ಕೈ ಹಿಡಿದು ಅಂದಳು: "ಮುಂಜಾನಿಂದ ಒದರಾಕತ್ತಿದ್ನಿ ಯವ್ವಾ. ಮೂರ ಸಲ ಮಂದಿ ಬಂದ್ರು, ಮೂರೂ ಸಲ ಓಡಿ ಹೋದ್ರು. ಹೊಳ್ಳಿ ಬಂದವ್ರು ನೀವ ನೋಡ್ರಿ."

ನಾವು ಓಡಿದ ಸಪ್ಪಳವೂ ಅವಳಿಗೆ ಕೇಳಿಸಿತ್ತು. ಅಜ್ಜಿಯ ಕಾಲು ಕೂಡಿ ತಿಂಗಳುಗಳಾದರೂ ನನ್ನ ನಾಚಿಕೆ ಇನ್ನೂ ಹೋಗಿಲ್ಲ.